ಧೂಮಪಾನ ತ್ಯಾಗದಲ್ಲಿ ಆತ್ಮವಿಶ್ವಾಸದ ಪಾತ್ರ

ಉದ್ದೇಶ: ದುಶ್ಚಟವನ್ನು ಬಿಡಲು ಬೇಕಾದ ನಂಬಿಕೆ ಹೇಗೆ ಬೆಳೆಯುತ್ತದೆಂಬುದನ್ನು ಪ್ರೌಢಶಾಲಾ ವಿದ್ಯಾರ್ಥಿಗಳು ಅರಿಯುವುದು.

ಪೀಠಿಕೆ: ತಂಬಾಕು ಹಾನಿಕರವೆಂದು ತಿಳಿಯದ ಧೂಮಪಾನಿ ಇಂದು ವಿರಳ. ಆದರೂ ಬಿಡುವುದು ಕಷ್ಟ. ನಿಕೋಟಿನ್‌ನ ಬಂಧನ ಅದಕ್ಕೊಂದು ಕಾರಣ. 'ನನ್ನಿಂದಾಗದು' ಎಂಬ ಭಾವನೆ ಇನ್ನೊಂದು.

ವಿಷಯ ನಿರೂಪಣೆ: ಒಂದು ಕಾರ್ಯವನ್ನು ತಾನು ಮಾಡಬಲ್ಲೆನೆಂಬ ನಂಬಿಕೆಯು ಮನುಷ್ಯನ ಪ್ರಯತ್ನವನ್ನು ನಿರ್ಧರಿಸುತ್ತದೆಂದು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ಪ್ರತಿಪಾದಿಸಿದರು. ಈ ನಂಬಿಕೆಗೆ ನಾಲ್ಕು ಮೂಲಗಳು: ಸ್ವಂತ ಗೆಲುವಿನ ಅನುಭವ, ತನ್ನಂಥವರ ಗೆಲುವನ್ನು ಕಾಣುವುದು, ಆಪ್ತರ ಪ್ರೋತ್ಸಾಹ, ದೇಹಮನಸ್ಸುಗಳ ಸ್ಥಿತಿ. ಇವುಗಳಲ್ಲಿ ಮೊದಲನೆಯದೇ ಪ್ರಬಲವಾದುದು. ಊಟವಾದೊಡನೆ ಸೇದುವವನು ಒಂದು ದಿನ ಆ ಹೊತ್ತಿನಲ್ಲಿ ನಾಲ್ಕು ಹೆಜ್ಜೆ ನಡೆದು ಬಂದರೆ ಅದು ಸಣ್ಣ ಗೆಲುವು. ಆದರೆ ನಾಳಿನ ಗೆಲುವಿಗೆ ಅದೇ ಬಂಡವಾಳ.

ಬಿಟ್ಟ ಮೊದಲ ದಿನಗಳಲ್ಲಿ ಸಿಡುಕು, ನಿದ್ರಾಭಂಗ, ಚಡಪಡಿಕೆಗಳು ತೀವ್ರವಾಗಿರುತ್ತವೆ. ಕೆಲವು ವಾರಗಳಲ್ಲಿ ತಗ್ಗುತ್ತವೆ. ಇದನ್ನು ಮೊದಲೇ ಅರಿತವನು ಅವುಗಳನ್ನು ತನ್ನ ದೌರ್ಬಲ್ಯವೆಂದು ಭಾವಿಸುವುದಿಲ್ಲ. ಮಧ್ಯೆ ಒಂದು ಬೀಡಿ ಸೇದಿದನೆಂದರೆ ಎಲ್ಲವೂ ವ್ಯರ್ಥವಾಯಿತೆಂದಲ್ಲ. 'ನಡೆಯುವವರು ಎಡವದೆ ಕುಳಿತವರು ಎಡವುವರೇ?' ಎಡವಿದ ಸ್ಥಳವನ್ನು ಗುರುತಿಸಿಕೊಂಡು ಮುನ್ನಡೆಯುವುದೇ ವಿವೇಕ. ಆದರೆ ಆತ್ಮವಿಶ್ವಾಸ ಬೇರೆ, ಅತಿವಿಶ್ವಾಸ ಬೇರೆ. ಜೇಬಿನಲ್ಲಿ ಬೀಡಿಕಟ್ಟನ್ನಿಟ್ಟುಕೊಂಡು ಮನಸ್ಸನ್ನು ಪರೀಕ್ಷಿಸುವುದು ಸಲ್ಲದು. ನಂಬಿಕೆಯೊಂದೇ ಸಾಲದವರು ವೈದ್ಯರ ನೆರವನ್ನೂ 1800-11-2356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿಯನ್ನೂ ಪಡೆಯಬಹುದು. ನೆರವು ಕೇಳುವುದು ಸೋಲಲ್ಲ.

ಶಿಕ್ಷಕರಿಗೆ ಸೂಚನೆ: ತರಗತಿಯಲ್ಲಿ ಧೂಮಪಾನಿಗಳ ಮಕ್ಕಳಿರುತ್ತಾರೆ. ಸೊಲ್ಲಾಪುರದಂಥ ಊರುಗಳಲ್ಲಿ ಬೀಡಿ ಕಟ್ಟಿ ಬದುಕುವ ಮನೆಗಳ ಮಕ್ಕಳೂ ಇರುತ್ತಾರೆ. ಯಾರ ತಂದೆಯನ್ನೂ ಯಾರ ದುಡಿಮೆಯನ್ನೂ ಹೀಗಳೆಯಬಾರದು. "ನಿಮ್ಮಿಂದ ಎಲ್ಲಿ ಆಗುತ್ತದೆ?" ಎಂಬ ಮನೆಯವರ ಒಂದು ಮಾತು ಕಷ್ಟಪಟ್ಟು ಗಳಿಸಿದ ನಂಬಿಕೆಯನ್ನು ಕೆಡಿಸಬಲ್ಲದು, "ನಿನ್ನೆ ಒಂದೂ ಸೇದಲಿಲ್ಲವಲ್ಲ, ಅಪ್ಪಾ" ಎಂಬ ಮಗುವಿನ ಮಾತು ಅದನ್ನು ಬೆಳೆಸಬಲ್ಲದು. ಸ್ವತಃ ಧೂಮಪಾನಿಯಾದ ಶಿಕ್ಷಕರಿಗೂ ಈ ಪಾಠ ಸಲ್ಲುತ್ತದೆ.

ಅಭ್ಯಾಸ:
1. ಆತ್ಮವಿಶ್ವಾಸಕ್ಕೂ ಅತಿವಿಶ್ವಾಸಕ್ಕೂ ಇರುವ ವ್ಯತ್ಯಾಸವೇನು?
2. ನೀವು ಬಿಟ್ಟ ಒಂದು ಸಣ್ಣ ಅಭ್ಯಾಸವನ್ನು ನೆನೆದು, ಆಗ ನೆರವಾದುದೇನೆಂದು ಐದು ವಾಕ್ಯಗಳಲ್ಲಿ ಬರೆಯಿರಿ.
3. ಧೂಮಪಾನ ಬಿಡಲು ಯತ್ನಿಸುತ್ತಿರುವ ಹಿರಿಯರೊಬ್ಬರಿಗೆ ಪ್ರೋತ್ಸಾಹದ ಪತ್ರವೊಂದನ್ನು ರಚಿಸಿರಿ.