ಹಾಳೂರಿನ ಗುರುತು

ಕೂಡ್ಲಿಗಿ ಸೀಮೆಯಲ್ಲಿ ಹೊಲದ ಬದುವಿನ ಮೇಲೆ ನಿಂತು ಹಳೆಯ ನಕ್ಷೆ ಬಿಚ್ಚಿದರೆ ಮೊದಲು ಎದುರಾಗುವ ಪ್ರಶ್ನೆ: "ಏನ್ ಸಾರ್, ನಿಧಿ ನೋಡಾಕ ಬಂದೀರೇನು?" ಹಳ್ಳಿಯವರ ಅನುಮಾನಕ್ಕೆ ಕಾರಣವಿದೆ. ರಾತ್ರೋರಾತ್ರಿ ಗರ್ಭಗುಡಿ ಅಗೆದು, ಲಿಂಗ ಕಿತ್ತು, ನಂದಿ ಒಡೆದು ಹೋಗುವ ನಿಧಿಗಳ್ಳರನ್ನು ಈ ಭಾಗದ ಹಳ್ಳಿಗಳು ಕಂಡಿವೆ. ಅದಕ್ಕೇ ನಾನು ಎಲ್ಲಿಗೆ ಹೋದರೂ ಮೊದಲು ಊರೊಳಗೆ ವಿಷಯ ತಿಳಿಸಿ, ಹೊಲದವರನ್ನು ಕರೆದುಕೊಂಡೇ ಹೊರಡುತ್ತೇನೆ. ಕೈಯಲ್ಲಿ ಗುದ್ದಲಿ ಇಲ್ಲ ಎಂಬುದು ಖಾತ್ರಿಯಾದ ಮೇಲೆ ಜನ ಬಿಚ್ಚಿ ಮಾತಾಡುತ್ತಾರೆ.

ನಾನು ಹುಡುಕುವುದು ಹಾಳಾದ ಊರುಗಳನ್ನು. ಅದಕ್ಕೆ ಆಧಾರ ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟುಗಳು. ಕೂಡ್ಲಿಗಿ ಪಟ್ಟಣ 57ಬಿ/5ರಲ್ಲಿ, ಕೊಟ್ಟೂರು 57ಬಿ/1ರಲ್ಲಿ, ಹಗರಿಬೊಮ್ಮನಹಳ್ಳಿ 57ಎ/4ರಲ್ಲಿ, ಹಡಗಲಿ 48ಎಂ/16ರಲ್ಲಿ, ಹರಪನಹಳ್ಳಿ 48ಎನ್/13ರಲ್ಲಿ ಸಿಗುತ್ತವೆ. ಐದು ಊರಿಗೆ ಐದು ಹಾಳೆ. ಹರಪನಹಳ್ಳಿಯಂತೂ 76ನೇ ರೇಖಾಂಶಕ್ಕೆ ಅಂಟಿಕೊಂಡಂತಿದೆ. ಊರಿನ ಪೂರ್ವಕ್ಕೆ ನಾಲ್ಕು ಹೆಜ್ಜೆ ಹೋಗಬೇಕೆಂದರೂ ಪಕ್ಕದ ಹಾಳೆ ಜೋಡಿಸಿಕೊಳ್ಳಬೇಕು. 2005ರ ನಕ್ಷೆ ನೀತಿಯ ನಂತರ ಬಂದ ಹೊಸ ಸರಣಿಯಲ್ಲಿ ಈ ಸಂಖ್ಯೆಗಳೇ ಬದಲಾಗಿವೆ. ಹಳೆಯದನ್ನು ಕೇಳುವಾಗ ಹಳೆಯ ಸಂಖ್ಯೆಯನ್ನೇ ಹೇಳಬೇಕು.

ಹಾಳೆ ಕೈಗೆ ಬಂದ ಕೂಡಲೇ ನಾನು ನೋಡುವುದು ಅಂಚಿನಲ್ಲಿರುವ ಅಳತೆಯ ವರ್ಷವನ್ನು. ಮುದ್ರಣದ ವರ್ಷ ಬೇರೆ, ನೆಲ ಅಳೆದ ವರ್ಷ ಬೇರೆ. ಆಮೇಲೆ ಕೆಳಗಿನ ಚಿಹ್ನೆಗಳ ಪಟ್ಟಿ. ಜನವಸತಿಯ ಹಳ್ಳಿಗೆ ಒಂದು ಗುರುತು, ಪಾಳುಬಿದ್ದ ಹಳ್ಳಿಗೆ ಇನ್ನೊಂದು. ಕೋಟೆ, ಗುಡಿ, ಗೋರಿ, ಈದ್ಗಾ, ಪ್ರಾಚೀನ ಅವಶೇಷ, ಎಲ್ಲಕ್ಕೂ ಪ್ರತ್ಯೇಕ ಗುರುತುಗಳಿವೆ. ನನಗೆ ಹೆಚ್ಚು ಫಲ ಕೊಟ್ಟದ್ದು ಕೆರೆಗಳು. ಏರಿಯ ಗೆರೆ ಇದ್ದು ನೀರಿನ ನೀಲಿ ಇಲ್ಲದಿದ್ದರೆ ಅದು ಒಡೆದ ಕೆರೆಯಾಗಿರಬಹುದು. ಕೆರೆ ಇದ್ದಲ್ಲಿ ಕಟ್ಟಿಸಿದವರು ಇದ್ದರು, ಉಂಡವರು ಇದ್ದರು. ತೂಬಿನ ಹತ್ತಿರ ಶಾಸನ, ಏರಿಯ ತುದಿಗೆ ಹನುಮಪ್ಪನ ಗುಡಿ ಅಥವಾ ವೀರಗಲ್ಲು ಸಿಗುವ ಸಂಭವ ಹೆಚ್ಚು. ಹಳೆಯ ಬಂಡಿದಾರಿಗಳು ಕೂಡುವ ಜಾಗಗಳನ್ನೂ ಬಿಡಬಾರದು.

ಇಂಥದೇ ಒಂದು ಒಡೆದ ಕೆರೆಯ ಗೆರೆ ಹಿಡಿದು ಕೂಡ್ಲಿಗಿ ಕಡೆಯ ಒಂದು ಹಳ್ಳಿಗೆ ಹೋದೆ. ನಕ್ಷೆಯಲ್ಲಿ ಪಾಳುಹಳ್ಳಿಯ ಗುರುತಿದ್ದ ಜಾಗದಲ್ಲಿ ಬರೀ ಜಾಲಿ, ತಂಗಡಿ ಗಿಡ. ಕುರಿ ಮೇಯಿಸುತ್ತಿದ್ದ ಅಜ್ಜನನ್ನು ಕೇಳಿದೆ. "ಇದು ಹಾಳೂರ ಹೊಲ ತಮ್ಮಾ. ಬರ ಬಿದ್ದು ಊರು ಕಿತ್ತು ಹೋತಂತ. ನಾನು ಹುಟ್ಟೋಕಿಂತ ಎಷ್ಟೋ ಮುಂಚೆ" ಎಂದ. ಹಾಗೆಂದವನು ಸುಮ್ಮನೆ ನಿಲ್ಲದೆ ನನ್ನನ್ನು ಕರೆದುಕೊಂಡು ಸುತ್ತಿದ. ದುಂಡಗೆ ಹರಡಿದ್ದ ಕಲ್ಲುಗಳನ್ನು ತೋರಿಸಿ ಹುಡೇವಿನ (ಕಾವಲು ಬುರುಜಿನ) ಬುಡ ಎಂದ, ತಗ್ಗು ತೋರಿಸಿ ಕಾಳು ತುಂಬುತ್ತಿದ್ದ ಹಗೇವು ಎಂದ. ಮಡಕೆ ಚೂರು, ಮುರಿದ ಬೀಸುವ ಕಲ್ಲು, ಕಬ್ಬಿಣದ ಕಿಟ್ಟ, ಎಲ್ಲ ನೆಲದ ಮೇಲೇ ಇದ್ದವು. ಅಷ್ಟು ತಿಳಿಯಲು ಒಂದು ಗೇಣು ಅಗೆಯಬೇಕಾಗಲಿಲ್ಲ. 1895ರಲ್ಲಿ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಗ್ರಂಥ ಪ್ರಕಟಿಸಿದ ರಾಬರ್ಟ್ ಬ್ರೂಸ್ ಫೂಟ್ ಕೂಡ ಈ ಜಿಲ್ಲೆಯ ಶಿಲಾಯುಗದ ನೆಲೆಗಳನ್ನು ಗುರುತಿಸಿದ್ದು ಹೆಚ್ಚಾಗಿ ನಡೆದು, ನೆಲ ನೋಡಿ.

ಅಜ್ಜ ಹೇಳಿದ ಬರ ಯಾವುದೆಂದು ಖಚಿತ ಹೇಳಲು ನನ್ನಲ್ಲಿ ದಾಖಲೆ ಇಲ್ಲ. ಆದರೆ 1876–78ರ ಧಾತು, ಈಶ್ವರ ಸಂವತ್ಸರಗಳ ಬರ ಬಳ್ಳಾರಿ ಜಿಲ್ಲೆಯನ್ನು ಹಿಂಡಿದ್ದು ಜನಗಣತಿಯಲ್ಲೇ ಕಾಣುತ್ತದೆ. 1871ರಿಂದ 1881ಕ್ಕೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೇ ಒಂದರಷ್ಟು ಇಳಿಯಿತು. ಆ ಅಂಕಿಯನ್ನು ಓದುವುದೇ ಬೇರೆ, ಹಾಳೂರಿನ ಬೀಸುವ ಕಲ್ಲಿನ ಮುಂದೆ ಕೂರುವುದೇ ಬೇರೆ.

ಟೋಪೋಶೀಟು ಜಾಗ ತೋರಿಸುತ್ತದೆ, ಹಾಳೂರಿನ ಹೆಸರನ್ನು ಎಷ್ಟೋ ಕಡೆ ಕೊಡುವುದಿಲ್ಲ. ಹೆಸರಿಗೆ ಭೂಮಾಪನ ಇಲಾಖೆಯ ಗ್ರಾಮ ನಕ್ಷೆ ಬೇಕು, ಅದರ ಜೊತೆಗೆ ಊರ ಕಟ್ಟೆ ಬೇಕು. ಸರ್ವೆ ನಂಬರು ಹೇಳಿದರೆ ಹಿರಿಯರು ಹೊಲದ ಹೆಸರು ಹೇಳುತ್ತಾರೆ: ಗುಡಿ ಹೊಲ, ಬಸದಿ ಹೊಲ, ಕೋಟೆ ಹೊಲ, ಬೂದಿದಿಬ್ಬದ ಹೊಲ. ಕಂದಾಯ ಕಾಗದದಲ್ಲಿ ಬೇಚರಾಕ್, ಅಂದರೆ ಜನವಸತಿ ಇಲ್ಲದ್ದು, ಎಂದಿರುವ ಗ್ರಾಮಗಳನ್ನು ಮೊದಲು ಪಟ್ಟಿ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಬ್ರಿಟಿಷ್ ಸರ್ವೇಯರ್ ಮೆಕೆಂಜಿಯ ಕಾಲದಲ್ಲಿ ಬರೆಸಿದ ಊರ ವೃತ್ತಾಂತಗಳಾದ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಪ್ರಕಟಿಸಿತು. ಊರಿನ ಹೆಸರು ಸಿಕ್ಕ ಮೇಲೆ ನಾನು ತೆರೆಯುವ ಪುಸ್ತಕ ಅದು.

ಶಾಸನ ಸಂಪುಟ ನೋಡುವವರು ಆಡಳಿತದ ಗಡಿಗಳನ್ನು ನೆನಪಿಡಬೇಕು. ಬಳ್ಳಾರಿ ಸೀಮೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ದಕ್ಷಿಣ ಭಾರತ ಶಾಸನಗಳ 9ನೇ ಸಂಪುಟದಲ್ಲಿ ಹಗರಿಬೊಮ್ಮನಹಳ್ಳಿ ತಾಲ್ಲೂಕು ಎಂದು ಹುಡುಕಿದರೆ ಏನೂ ಸಿಗದು, ಆಗ ಆ ತಾಲ್ಲೂಕೇ ಇರಲಿಲ್ಲ. ಕೊಟ್ಟೂರು ತಾಲ್ಲೂಕಾದದ್ದು ಇತ್ತೀಚೆಗೆ, ಅದನ್ನು ಕೂಡ್ಲಿಗಿಯಲ್ಲಿ ಹುಡುಕಬೇಕು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಆ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿ ಕದಲದೆ ಇದ್ದಲ್ಲೇ ಇದೆ, ಅದರ ವಿಳಾಸ ಮಾತ್ರ ಪುಸ್ತಕದಿಂದ ಪುಸ್ತಕಕ್ಕೆ ಬದಲಾಗಿದೆ.

ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆ ಇನ್ನೊಂದು ಬಗೆಯ ಹಾಳೂರುಗಳಿವೆ. 1945ರಲ್ಲಿ ಶುರುವಾದ ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿಗೆ ಸುಮಾರು 90 ಹಳ್ಳಿಗಳು ಮುಳುಗಿದವು. ಅವು ಎಲ್ಲಿದ್ದವೆಂದು ನೋಡಲು ಅಣೆಕಟ್ಟಿಗೆ ಮುಂಚೆ ಅಳೆದ ಹಾಳೆಯೇ ಬೇಕು. ಆ ಊರುಗಳಲ್ಲಿ ಹುಟ್ಟಿದವರು ಈಗ ಎಂಬತ್ತರ ಅಂಚಿನಲ್ಲಿದ್ದಾರೆ. ಅವರ ಮುಂದೆ ನಕ್ಷೆ ಹರಡಿದರೆ ಓಣಿ, ಬಾವಿ, ಅಗಸೆ ಎಲ್ಲ ಬೆರಳಿಟ್ಟು ಹೇಳುತ್ತಾರೆ. ನನ್ನ ಓಡಾಟದಲ್ಲಿ ಇದಕ್ಕಿಂತ ತುರ್ತಿನ ಕೆಲಸ ಬೇರೆ ಇಲ್ಲ.

ಲೋಹಶೋಧಕದ ಬಗ್ಗೆ ಯುವಕರು ಕೇಳುತ್ತಾರೆ. ಗೆಳೆಯನೊಬ್ಬ ಉತ್ತ ಹೊಲದಲ್ಲಿ ಬಿದ್ದ ಟ್ರ್ಯಾಕ್ಟರಿನ ಪಿನ್ನು ಹುಡುಕಲು ಅದನ್ನು ತಂದಿದ್ದ. ಮೊಳೆಗೂ ಕೂಗಿತು, ಕಿಟ್ಟಕ್ಕೂ ಕೂಗಿತು, ಕಬ್ಬಿಣದಂಶ ತುಂಬಿದ ಕೆಂಪು ಕಲ್ಲಿಗೂ ಕೂಗಿತು. ಯಂತ್ರ ಹೇಳುವುದು ಲೋಹ ಇದೆ ಎಂದಷ್ಟೇ, ಕಾಲ ಹೇಳುವುದಿಲ್ಲ. ನಾಣ್ಯ ಅಲ್ಲಿ ಬಿದ್ದ ಕಾಲ, ಅದು ಯಾರ ಮನೆಯದು ಎಂಬುದು ತಿಳಿಯುವುದು ಅದು ಬಿದ್ದಿದ್ದ ಪದರದಿಂದ, ಪಕ್ಕದ ಮಡಕೆ ಚೂರಿನಿಂದ. ಕಿತ್ತು ಜೇಬಿಗೆ ಹಾಕಿಕೊಂಡರೆ ಆ ಸುಳಿವು ಸತ್ತಂತೆ. ಜೊತೆಗೆ, ಹೂತ ನಿಧಿ ಕುರಿತು ಕರ್ನಾಟಕದಲ್ಲಿ 1962ರ ಕಾಯ್ದೆ ಇದೆ. ಸಿಕ್ಕಿದ್ದನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಸಂರಕ್ಷಿತ ಸ್ಮಾರಕಗಳ ಸುತ್ತ ಅಗೆಯುವುದು ಅಪರಾಧ. ಹಾಳೂರುಗಳಲ್ಲಿ ಆ ಯಂತ್ರ ಬೇಡ ಎಂಬುದೇ ನನ್ನ ಖಚಿತ ಅಭಿಪ್ರಾಯ.

ಹೊಸಬರಿಗೆ ಇನ್ನೊಂದು ಮಾತು. ಹಳೆಯ ಹಾಳೆಯ ಅಕ್ಷಾಂಶ, ರೇಖಾಂಶಗಳು ಎವರೆಸ್ಟ್ ಎಂಬ ಹಳೆಯ ಭೂಮಾಪನ ಲೆಕ್ಕದವು, ಮೊಬೈಲಿನವು ಬೇರೆ ಲೆಕ್ಕದವು. ನೇರ ತುಂಬಿದರೆ ಜಾಗ ಪಕ್ಕಕ್ಕೆ ಸರಿಯುತ್ತದೆ. ಕೆರೆಯ ಏರಿ, ಗುಡ್ಡದ ನೆತ್ತಿಯಂಥ ಅಲುಗದ ಗುರುತು ಹಿಡಿದು ಹೊಂದಿಸಿ. ಹಾಳೂರಿನ ನಿಖರ ಜಾಗವನ್ನು ಫೇಸ್‌ಬುಕ್ಕಿಗೆ ಹಾಕಬೇಡಿ. ಕಂಡದ್ದನ್ನು ಫೋಟೊ ತೆಗೆದು, ಇದ್ದಲ್ಲೇ ಬಿಟ್ಟು, ತಹಶೀಲ್ದಾರರಿಗೋ ಪುರಾತತ್ವ ಇಲಾಖೆಗೋ ಬರೆದು ತಿಳಿಸಿ. ಈ ಬೇಸಿಗೆಯಲ್ಲಿ ನಿಮ್ಮ ಊರಿನ ಗ್ರಾಮ ನಕ್ಷೆಯನ್ನು ಅಜ್ಜ ಅಜ್ಜಿಯರ ಮುಂದೆ ಹರಡಿ, ಒಂದೊಂದು ಹೊಲದ ಹೆಸರನ್ನೂ ಬರೆದಿಟ್ಟುಕೊಳ್ಳಿ.