ಪೇಟೆಗೆ ನಡೆದು ಹೋಗುವಂಥ ಮನೆ ಬೇಕೆ? ಲಕೋಟೆಯ ಮೇಲಿನ ಊರನ್ನು ನಂಬಬೇಡಿ

ಶಿಕಾಗೊ, ಡೆಟ್ರಾಯಿಟ್ ಕಡೆ ಮನೆ ಹುಡುಕುವ ಕನ್ನಡದವರ ಬೇಡಿಕೆ ಮೊದಲಿನಿಂದಲೂ ಹೆಚ್ಚುಕಮ್ಮಿ ಒಂದೇ: ಒಳ್ಳೆಯ ಶಾಲೆ, ನಾಲ್ಕು ಬೆಡ್‌ರೂಮು, ಪೂರ್ವಕ್ಕೆ ಬಾಗಿಲು, ಅರ್ಧ ಗಂಟೆಯೊಳಗೆ ದೇವಸ್ಥಾನ. ಈಚೆಗೆ ಇನ್ನೊಂದು ಸೇರಿದೆ. ಕಾರು ತೆಗೆಯದೆ ಹೋಗಿಬರಬಹುದಾದ ಒಂದು ಪೇಟೆ, ಇಲ್ಲಿನವರ ಮಾತಿನಲ್ಲಿ ಡೌನ್‌ಟೌನ್, ಹತ್ತಿರ ಇರಬೇಕು. ನ್ಯಾಯವಾದ ಆಸೆ. ಊರಿನಿಂದ ಆರು ತಿಂಗಳಿಗೆಂದು ಬಂದ ಅಪ್ಪ-ಅಮ್ಮನಿಗೆ ಇಲ್ಲಿ ಕಾರು ಓಡಿಸುವ ಧೈರ್ಯ ಇರುವುದಿಲ್ಲ. ಸಬ್‌ಡಿವಿಷನ್ ಮನೆಯಲ್ಲಿ ಅವರ ದಿನವೆಂದರೆ ಮಕ್ಕಳು ಆಫೀಸಿನಿಂದ ಬರುವ ತನಕ ಕಾಯುವುದು. ಪೇಟೆ ಹತ್ತಿರವಿದ್ದರೆ ಲೈಬ್ರರಿಗೆ, ಪಾರ್ಕಿಗೆ, ಒಂದು ಲೋಟ ಕಾಫಿಗೆ ತಾವೇ ಎದ್ದು ಹೋಗುತ್ತಾರೆ.

ಆದರೆ ಈ ಆಸೆಯಿಂದ ಹೊರಟವರಲ್ಲಿ ಎಷ್ಟೋ ಮಂದಿ ಪೇಟೆಯ ಹೆಸರಿಗೆ ದುಡ್ಡು ಕೊಟ್ಟು, ಪೇಟೆಯಿಂದ ಐದಾರು ಮೈಲಿ ಆಚೆ ಮನೆ ಮಾಡಿಕೊಳ್ಳುತ್ತಾರೆ. ಹಾಗಾಗದಂತೆ ಹುಡುಕುವ ಕ್ರಮ ಇಲ್ಲಿದೆ.

ಮೊದಲು ಪೇಟೆ, ಆಮೇಲೆ ಮನೆ

ಶಿಕಾಗೊ ಸುತ್ತಲಿನ ಹಳೆಯ ಪೇಟೆಗಳು ರೈಲು ನಿಲ್ದಾಣದ ಸುತ್ತ ಬೆಳೆದವು. ನೇಪರ್‌ವಿಲ್‌ಗೆ ರೈಲು ಬಂದದ್ದು 1864ರಲ್ಲಿ. ಡೌನರ್ಸ್ ಗ್ರೋವ್, ಹಿನ್ಸ್‌ಡೇಲ್, ಲಗ್ರೇಂಜ್ ಅದೇ ಸಾಲಿನವು. ಎಲ್ಮ್‌ಹರ್ಸ್ಟ್, ಗ್ಲೆನ್ ಎಲಿನ್, ವೀಟನ್, ಜಿನೀವಾ ಇನ್ನೊಂದು ಸಾಲು. ಆರ್ಲಿಂಗ್ಟನ್ ಹೈಟ್ಸ್, ಪ್ಯಾಲಟೈನ್ ಮತ್ತೊಂದು. ನಿಮ್ಮ ಆಫೀಸು ನಗರದ ಒಳಗಿದ್ದರೆ ಮೆಟ್ರಾ ಎಂಬ ಲೋಕಲ್ ರೈಲಿನ ನಕಾಶೆ ಎದುರಿಗಿಟ್ಟುಕೊಂಡು ಹುಡುಕಾಟ ಶುರುಮಾಡಿ.

ಡೆಟ್ರಾಯಿಟ್ ಕಡೆ ಆಫೀಸಿಗೆ ಒಯ್ಯುವ ರೈಲಿಲ್ಲ. ರಾಯಲ್ ಓಕ್, ಬರ್ಮಿಂಗ್‌ಹ್ಯಾಮ್ ಬಳಿಯ ಟ್ರಾಯ್, ಡಿಯರ್‌ಬಾರ್ನ್‌ಗಳಲ್ಲಿ ನಿಲ್ಲುವ ಆಮ್‌ಟ್ರ್ಯಾಕ್ ರೈಲು ದಿನಕ್ಕೆ ಮೂರು ಸಲ ಶಿಕಾಗೊಗೆ ಹೋಗುತ್ತದೆ, ಅಷ್ಟೆ. ಹಾಗಾಗಿ ಅಲ್ಲಿ ಆಫೀಸಿನ ದಿಕ್ಕು ನೋಡಿ ಪೇಟೆ ಆರಿಸಬೇಕು. ಕೆಲಸ ಆಬರ್ನ್ ಹಿಲ್ಸ್‌ನ ಕ್ರೈಸ್ಲರ್ ಕಡೆಗಿದ್ದರೆ ರಾಚೆಸ್ಟರ್. ವಾರನ್‌ನ ಜಿಎಂ ಟೆಕ್ ಸೆಂಟರ್ ಆದರೆ ರಾಯಲ್ ಓಕ್, ಬರ್ಕ್‌ಲಿ, ಫರ್ನ್‌ಡೇಲ್. ಡಿಯರ್‌ಬಾರ್ನ್‌ನ ಫೋರ್ಡ್ ಆದರೆ ಪ್ಲಿಮತ್, ನಾರ್ತ್‌ವಿಲ್. ನಮ್ಮವರು ಮೊದಲು ಹುಡುಕುವ ಟ್ರಾಯ್, ನೋವೈಗಳಲ್ಲಿ ನೀವು ಬಯಸುವ ಬಗೆಯ ಹಳೆಯ ಪೇಟೆಯೇ ಇಲ್ಲ. ಸಾಮರ್ಸೆಟ್ ಮಾಲ್, ಟ್ವೆಲ್ವ್ ಓಕ್ಸ್ ಮಾಲ್ ಇವೆ, ದೇವಸ್ಥಾನಗಳಿವೆ, ಶಾಲೆಗಳೂ ಚೆನ್ನಾಗಿವೆ. ಅಷ್ಟು ಸಾಕೆನ್ನುವವರು ಈ ಲೇಖನ ಬಿಟ್ಟು ಪುಟ ತಿರುಗಿಸಬಹುದು.

ಹೆಸರಿನ ಮೋಸ

ಅಮೆರಿಕದಲ್ಲಿ ಮನೆಯ ವಿಳಾಸದಲ್ಲಿ ಬರುವ ಊರು ಅಂಚೆ ಇಲಾಖೆ ಇಟ್ಟದ್ದು. ಯಾವ ಅಂಚೆ ಕಚೇರಿಯಿಂದ ಕಾಗದ ಬರುತ್ತದೋ ಆ ಊರಿನ ಹೆಸರು. ಆ ಮನೆ ಆ ಊರಿನ ಗಡಿಯೊಳಗೆ ಇರಲೇಬೇಕೆಂದಿಲ್ಲ. ಜಯನಗರದ ಪಕ್ಕ ಎಂದು ಹೇಳಿ ಬನ್ನೇರುಘಟ್ಟ ರಸ್ತೆಯ ಕೊನೆಯಲ್ಲಿ ಸೈಟು ತೋರಿಸುವುದು ಬೆಂಗಳೂರಿನಲ್ಲಿ ಬ್ರೋಕರ್ ಮಾಡುವ ಕೆಲಸ. ಇಲ್ಲಿ ಅದನ್ನು ಅಂಚೆಯವರೇ, ಯಾವ ದುರುದ್ದೇಶವೂ ಇಲ್ಲದೆ, ಮಾಡಿಟ್ಟಿದ್ದಾರೆ.

ಮಿಷಿಗನ್‌ನಲ್ಲಿ ಇದು ವಿಪರೀತ. ರಾಚೆಸ್ಟರ್ ಎಂಬ ವಿಳಾಸದ ಮನೆ ರಾಚೆಸ್ಟರ್ ನಗರದಲ್ಲಿರಬಹುದು, ರಾಚೆಸ್ಟರ್ ಹಿಲ್ಸ್‌ನಲ್ಲಿರಬಹುದು, ಇನ್ನೂ ಉತ್ತರದ ಓಕ್‌ಲ್ಯಾಂಡ್ ಟೌನ್‌ಶಿಪ್‌ನಲ್ಲೂ ಇರಬಹುದು. ಮೇನ್ ಸ್ಟ್ರೀಟ್, ಪೇಂಟ್ ಕ್ರೀಕ್ ದಾರಿ, ಚಳಿಗಾಲದಲ್ಲಿ ಅಂಗಡಿ ಗೋಡೆಗಳ ತುಂಬ ಹೊಳೆಯುವ ದೀಪಗಳು, ಇವೆಲ್ಲ ಇರುವುದು ಮೊದಲನೆಯದರಲ್ಲಿ. ಓಕ್‌ಲ್ಯಾಂಡ್ ಟೌನ್‌ಶಿಪ್‌ನ ಕೆಲವು ಮನೆಗಳಿಗೆ ನಗರದ ನೀರು ಕೂಡ ಇಲ್ಲ. ಬಾವಿ, ಸೆಪ್ಟಿಕ್ ಟ್ಯಾಂಕು. ನಾರ್ತ್‌ವಿಲ್ ನಗರ ಬೇರೆ, ನಾರ್ತ್‌ವಿಲ್ ಟೌನ್‌ಶಿಪ್ ಬೇರೆ. ಪ್ಲಿಮತ್ ಕೂಡ ಹಾಗೆಯೇ. ಫಾರ್ಮಿಂಗ್ಟನ್ ಬೇರೆ, ಫಾರ್ಮಿಂಗ್ಟನ್ ಹಿಲ್ಸ್ ಬೇರೆ. ಬರ್ಮಿಂಗ್‌ಹ್ಯಾಮ್ ವಿಳಾಸ ಹೊತ್ತ ಮನೆ ಬ್ಲೂಮ್‌ಫೀಲ್ಡ್ ಟೌನ್‌ಶಿಪ್‌ನಲ್ಲಿರಬಹುದು. ನಗರ ಪುಟ್ಟದು, ಸುತ್ತಲಿನ ಟೌನ್‌ಶಿಪ್ ದೊಡ್ಡದು, ವಿಳಾಸದಲ್ಲಿ ಮಾತ್ರ ಎರಡಕ್ಕೂ ಒಂದೇ ಹೆಸರು.

ನೇಪರ್‌ವಿಲ್‌ನಲ್ಲಿ ಮೋಸದ ಬಗೆ ಇನ್ನೊಂದು. ಮನೆ ನಿಜವಾಗಿಯೂ ನೇಪರ್‌ವಿಲ್ ನಗರದೊಳಗೇ ಇರುತ್ತದೆ, ಆದರೆ ಊರು ಅಷ್ಟು ಉದ್ದ. 95ನೇ ಸ್ಟ್ರೀಟ್ ಆಚೆಯ ಹೊಸ ಸಬ್‌ಡಿವಿಷನ್‌ಗಳಿಂದ ಪೇಟೆಯ ನದಿದಂಡೆಯಾದ ರಿವರ್‌ವಾಕ್‌ಗೆ ಐದಾರು ಮೈಲಿ. ಅಲ್ಲಿರುವವರು ಕಾರು ತೆಗೆದುಕೊಂಡು ಬಂದು, ಪಾರ್ಕಿಂಗ್ ಹುಡುಕಿ, ನದಿದಂಡೆಯಲ್ಲಿ ನಡೆದು, ಮತ್ತೆ ಕಾರಿನಲ್ಲಿ ಹೋಗುತ್ತಾರೆ. ರೂಟ್ 59 ನಿಲ್ದಾಣದ ಹತ್ತಿರ ಎಂದು ಜಾಹೀರಾತು ಇದ್ದರೆ ಅದು ರೈಲಿಗೆ ಹತ್ತಿರ, ಪೇಟೆಗಲ್ಲ. ಪೇಟೆಗೆ ಸೇರಿದ ನಿಲ್ದಾಣ ಬೇರೆಯೇ ಇದೆ. ಶಾಲೆಯಲ್ಲೂ ಇದೇ ಗೊಂದಲ: ನೇಪರ್‌ವಿಲ್‌ನ ಒಂದು ಭಾಗಕ್ಕೆ 203ನೇ ಜಿಲ್ಲೆ, ಇನ್ನೊಂದು ಭಾಗಕ್ಕೆ 204, ಪಕ್ಕದ ಅರೋರಾ ವಿಳಾಸದ ಎಷ್ಟೋ ಮನೆಗಳೂ 204ಕ್ಕೇ ಸೇರಿವೆ. ನೋವೈ ನಗರದೊಳಗಿನ ಕೆಲವು ಮನೆಗಳ ಮಕ್ಕಳು ಹೋಗುವುದು ನಾರ್ತ್‌ವಿಲ್ ಶಾಲೆಗಳಿಗೆ.

ಮನೆ ಮಾರುವ ವೆಬ್‌ಸೈಟು, ಏಜೆಂಟರ ಬಾಯಿಮಾತು, ಗೆಳೆಯರ ಶಿಫಾರಸು, ಯಾವುದನ್ನೂ ಈ ವಿಷಯದಲ್ಲಿ ನೆಚ್ಚಬೇಡಿ. ನೋಡಬೇಕಾದದ್ದು ಒಂದೇ ಕಾಗದ: ಆ ಮನೆಯ ಆಸ್ತಿ ತೆರಿಗೆ ಬಿಲ್ಲು. ಕೌಂಟಿಯ ವೆಬ್‌ಸೈಟಿನಲ್ಲಿ ವಿಳಾಸ ಹಾಕಿದರೆ ವಿವರ ಸಿಗುತ್ತದೆ. ಸಿಗದಿದ್ದರೆ ಮಾರುವವರಿಂದ ಕೇಳಿ ಪಡೆಯಿರಿ. ಯಾವ ನಗರಕ್ಕೆ ಅಥವಾ ಯಾವ ಟೌನ್‌ಶಿಪ್‌ಗೆ, ಯಾವ ಶಾಲಾ ಜಿಲ್ಲೆಗೆ, ಯಾವ ಲೈಬ್ರರಿಗೆ ದುಡ್ಡು ಹೋಗುತ್ತದೆ ಎನ್ನುವುದು ಅದರಲ್ಲಿ ಸಾಲುಸಾಲಾಗಿ ಇರುತ್ತದೆ. ಆಫರ್ ಬರೆಯುವ ಮುನ್ನವೇ ನೋಡಬೇಕು. ಬರೆದ ಮೇಲೆ ನೋಡಿದರೆ ಮನಸ್ಸು ಆಗಲೇ ಆ ಮನೆಯ ಅಡುಗೆಮನೆಗೆ ಹೊಂದಿಕೊಂಡಿರುತ್ತದೆ.

ನಡೆದು ನೋಡಿ, ಫೆಬ್ರುವರಿಯಲ್ಲಿ

ಮನೆ ಊರಿನ ಗಡಿಯೊಳಗೇ ಇದೆ ಎಂದು ಖಚಿತವಾಯಿತು. ಇನ್ನು ಮನೆಬಾಗಿಲಿನಿಂದ ಪೇಟೆಯ ನಡುವಿನ ಅಂಗಡಿಯವರೆಗೆ ನಡೆಯಿರಿ, ಕೈಯಲ್ಲಿ ಭಾರದ ಚೀಲ ಹಿಡಿದು ವಾಪಸು ಬನ್ನಿ. ಮುಕ್ಕಾಲು ಮೈಲಿ ಮೀರಿದರೆ ನಾಲ್ಕು ದಿನ ಉತ್ಸಾಹದಿಂದ ನಡೆದು ಐದನೆಯ ದಿನ ಕಾರು ತೆಗೆಯುತ್ತೀರಿ. ಇದು ನನ್ನ ಅಭಿಪ್ರಾಯ, ಆದರೆ ಸುಳ್ಳಾದದ್ದನ್ನು ಕಂಡಿಲ್ಲ.

ದೂರಕ್ಕಿಂತ ದಾರಿ ಮುಖ್ಯ. ಫುಟ್‌ಪಾತ್ ನಡುವೆ ಕಡಿದುಹೋಗಿದೆಯೇ? ದಾಟಬೇಕಾದ ರಸ್ತೆ ಯಾವುದು? ಬರ್ಮಿಂಗ್‌ಹ್ಯಾಮ್‌ನ ಪೇಟೆ ವುಡ್‌ವರ್ಡ್ ಅವೆನ್ಯೂದ ಪಶ್ಚಿಮಕ್ಕಿದೆ. ಪೂರ್ವದ ಬದಿಯಲ್ಲಿ ಮನೆ ಕೊಂಡರೆ ನಕಾಶೆಯಲ್ಲಿ ಅರ್ಧ ಮೈಲಿ, ನಡುವೆ ಎಂಟು ಲೇನಿನ ರಸ್ತೆ. ಎಪ್ಪತ್ತು ವರ್ಷದ ಅಮ್ಮ ಅದನ್ನು ದಾಟಿಯಾರೆ ಎಂದು ಕೇಳಿಕೊಳ್ಳಿ. ಶಿಕಾಗೊ ಕಡೆಯಾದರೆ ರೈಲು ಹಳಿ. ಗೂಡ್ಸ್ ರೈಲು ಅಡ್ಡ ನಿಂತರೆ ಕಾಯಬೇಕು, ರಾತ್ರಿ ಹಾರ್ನ್ ಕೇಳಬಹುದು. ಡಿಸೆಂಬರಿನಲ್ಲಿ ಶಿಕಾಗೊದಲ್ಲಿ ಸಂಜೆ ನಾಲ್ಕೂ ಇಪ್ಪತ್ತಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಡೆಟ್ರಾಯಿಟ್‌ನಲ್ಲಿ ಐದರ ಸುಮಾರಿಗೆ. ಶಾಲೆಯಿಂದ ತಡವಾಗಿ ನಡೆದು ಬರುವ ಮಗು ಕತ್ತಲಲ್ಲಿ ಬರುತ್ತದೆ, ಬೀದಿದೀಪ ಇದೆಯೇ ನೋಡಿ. ಫುಟ್‌ಪಾತಿನ ಹಿಮ ತೆಗೆಯುವವರು ಯಾರು, ನಗರದವರೋ ಮನೆಯವರೋ ಎಂದು ಊರಿನ ಆಫೀಸಿಗೆ ಫೋನು ಮಾಡಿ ಕೇಳಿ. ಜುಲೈ ಶನಿವಾರದ ಸಂತೆ ನೋಡಿ ಮರುಳಾಗಬೇಡಿ. ಎಲ್ಲ ಪೇಟೆಯೂ ಆ ದಿನ ಚೆಂದ. ಫೆಬ್ರುವರಿಯ ಮಂಗಳವಾರ ಸಂಜೆ ಏಳಕ್ಕೆ ಎಷ್ಟು ಅಂಗಡಿ ತೆರೆದಿವೆ, ಎಷ್ಟು ಜನ ಇದ್ದಾರೆ ನೋಡಿ. ವುಡ್‌ವರ್ಡ್ ಪಕ್ಕದ ಬೀದಿಗಳವರು ಆಗಸ್ಟಿನ ಡ್ರೀಮ್ ಕ್ರೂಸ್ ವಾರವನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ, ಹಳೆಯ ಕಾರುಗಳ ಆರ್ಭಟ ತಡರಾತ್ರಿಯವರೆಗೆ.

ಪೂರ್ವದ ಬಾಗಿಲಿನ ಬಗ್ಗೆ ಒಂದು ಮಾತು. ವಾಸ್ತು ನಿಮ್ಮ ನಂಬಿಕೆ, ನನ್ನ ತಕರಾರಿಲ್ಲ. ಆದರೆ ಪೇಟೆಗೆ ಹತ್ತಿರದ ಬೀದಿಗಳಲ್ಲಿ ಮಾರಾಟಕ್ಕೆ ಬರುವ ಮನೆಗಳೇ ಕಡಿಮೆ. ದಿಕ್ಕಿನ ಷರತ್ತು ಹಾಕಿದರೆ ಅದರಲ್ಲೂ ಮುಕ್ಕಾಲು ಪಾಲು ಹೋಗುತ್ತದೆ. ಇಲ್ಲಿನ ಚಳಿಯಲ್ಲಿ ನಿಜಕ್ಕೂ ಕಾಡುವುದು ಉತ್ತರದ ಬಾಗಿಲು, ಯಾಕೆಂದರೆ ನೆರಳಿನಲ್ಲಿರುವ ಡ್ರೈವ್‌ವೇಯ ಮಂಜುಗಡ್ಡೆ ಬೇಗ ಕರಗುವುದಿಲ್ಲ. ಹಾಗೆಯೇ, ಎಂಥ ಪೇಟೆ ಸಿಕ್ಕರೂ ಕರಿಬೇವಿಗೆ, ತೆಂಗಿನಕಾಯಿಗೆ ಕಾರು ಬೇಕೇ ಬೇಕು.

ಹಳೆಯ ತೆರಿಗೆ ನಿಮ್ಮ ತೆರಿಗೆಯಲ್ಲ

ಜಾಹೀರಾತಿನಲ್ಲಿ ಕಾಣುವ ತೆರಿಗೆ ಮಾರುವವರು ಕಟ್ಟುತ್ತಿರುವುದು. ಮಿಷಿಗನ್‌ನಲ್ಲಿ 1994ರ ಪ್ರೊಪೋಸಲ್ ಎ ಬಂದ ಮೇಲೆ, ಮನೆ ಕೈ ಬದಲಾಗುವ ತನಕ ತೆರಿಗೆಗೆ ಹಿಡಿಯುವ ಮೌಲ್ಯ ವರ್ಷಕ್ಕೆ ಹಣದುಬ್ಬರದಷ್ಟು ಅಥವಾ ಶೇ 5, ಯಾವುದು ಕಡಿಮೆಯೋ ಅಷ್ಟೇ ಏರಬಹುದು. ಮಾರಾಟವಾದ ಮುಂದಿನ ವರ್ಷ ಆ ಕಟ್ಟು ಬಿಚ್ಚಿ, ಮೌಲ್ಯ ಮಾರುಕಟ್ಟೆ ಬೆಲೆಯ ಅರ್ಧಕ್ಕೆ ಹಾರುತ್ತದೆ. ಉದಾಹರಣೆಗೆ ಮನೆಯ ಬೆಲೆ 5,00,000 ಡಾಲರ್, ಇಪ್ಪತ್ತೈದು ವರ್ಷ ಅಲ್ಲೇ ಇದ್ದವರ ತೆರಿಗೆ ಮೌಲ್ಯ 1,20,000, ದರ ಸಾವಿರಕ್ಕೆ 40 ಎಂದಿಟ್ಟುಕೊಳ್ಳಿ. ಅವರು ಕಟ್ಟುವುದು 4,800. ನಿಮ್ಮ ಮೌಲ್ಯ 2,50,000, ತೆರಿಗೆ 10,000. ಅಂದರೆ ತಿಂಗಳ ಕಂತಿಗೆ ನಾನೂರಕ್ಕೂ ಹೆಚ್ಚು ಡಾಲರ್ ಸೇರುತ್ತದೆ. ತೆರಿಗೆಗೆಂದು ಬ್ಯಾಂಕು ಹಿಡಿದಿಡುವ ಎಸ್ಕ್ರೋ ಖಾತೆಯಲ್ಲಿ ಬಿದ್ದ ಖೋತಾವನ್ನೂ ಅದರ ಮೇಲೆ ವಸೂಲು ಮಾಡುತ್ತಾರೆ. ನಗರದ ದರ ಸಾಮಾನ್ಯವಾಗಿ ಟೌನ್‌ಶಿಪ್‌ಗಿಂತ ಹೆಚ್ಚು ಎನ್ನುವುದೂ ನೆನಪಿರಲಿ.

ಇಲಿನಾಯ್‌ನಲ್ಲಿ ಇಂಥ ಹಾರುವಿಕೆ ಇಲ್ಲ. ಆದರೆ ಮಾರುವವರು ವೃದ್ಧರಾಗಿದ್ದರೆ ಬಿಲ್ಲಿನಲ್ಲಿ ಹಿರಿಯರ ವಿನಾಯಿತಿ ಸೇರಿರಬಹುದು, ಅದಿಲ್ಲದೆ ಬಿಲ್ಲು ಎಷ್ಟಾಗುತ್ತದೆ ನೋಡಿ. ಹಳೆಯ ಮನೆ ಕೆಡವಿ ಕಟ್ಟಿದ ಹೊಸ ಮನೆಯಾದರೆ ಬಿಲ್ಲು ಇನ್ನೂ ಹಳೆಯದರದೇ ಇರಬಹುದು. ಇಲಿನಾಯ್‌ನಲ್ಲಿ ತೆರಿಗೆ ಒಂದು ವರ್ಷ ತಡವಾಗಿ ಬರುತ್ತದೆ, 2025ರದು 2026ರಲ್ಲಿ. ಅದಕ್ಕೆಂದು, ಮನೆ ಕೈ ಬದಲಾಗುವ ಕ್ಲೋಸಿಂಗ್ ದಿನ ಮಾರುವವರು ಬಿಟ್ಟುಕೊಡುವ ಮೊತ್ತವನ್ನು ಸೋಫಾಕ್ಕೆ ಖರ್ಚು ಮಾಡಬೇಡಿ.

ಹಳೆಯ ಮನೆ, ಉಳಿದ ಕೆಲಸ

ಪೇಟೆಗೆ ಹತ್ತಿರದ ಮನೆ ಎಂದರೆ ಬಹುಪಾಲು ಹಳೆಯ ಮನೆ. ಸಾಮಾನ್ಯ ಇನ್‌ಸ್ಪೆಕ್ಷನ್ ಜೊತೆಗೆ ಒಳಚರಂಡಿ ಪೈಪಿಗೆ ಕ್ಯಾಮೆರಾ ಹಾಕಿಸಿ, ಮಣ್ಣಿನ ಪೈಪಿನೊಳಗೆ ಮರದ ಬೇರು ಹೊಕ್ಕಿರಬಹುದು. ನೆಲದಿಂದ ಏಳುವ ರೇಡಾನ್ ಅನಿಲದ ಪರೀಕ್ಷೆ ಮಾಡಿಸಿ. ಲೀಟರ್ ಗಾಳಿಗೆ ನಾಲ್ಕು ಪಿಕೋಕ್ಯೂರಿ ಮುಟ್ಟಿದರೆ ಸರಿಪಡಿಸಬೇಕು. 1978ಕ್ಕೆ ಮುಂಚಿನ ಮನೆಯಲ್ಲಿ ಸೀಸದ ಬಣ್ಣ ಇರಬಹುದು. 2014ರ ಆಗಸ್ಟಿನ ಮಳೆಗೆ ರಾಯಲ್ ಓಕ್, ಬರ್ಕ್‌ಲಿ, ಫರ್ನ್‌ಡೇಲ್‌ಗಳ ಬೇಸ್‌ಮೆಂಟುಗಳು, 2021ರ ಜೂನಿನಲ್ಲಿ ಡಿಯರ್‌ಬಾರ್ನ್‌ನವು ತುಂಬಿದ್ದವು. ಚರಂಡಿ ನೀರು ಹಿಂದಕ್ಕೆ ನುಗ್ಗುವುದಕ್ಕೆ ವಿಮೆಯಲ್ಲಿ ಪ್ರತ್ಯೇಕ ಸೇರ್ಪಡೆ ಬೇಕು, ಕೇಳಿ ಹಾಕಿಸಿ.

ಜಾಗ ಮುಗಿಯುತ್ತ ಬಂತು, ಉಳಿದದ್ದು ಚುಟುಕಾಗಿ. 2024ರ ಆಗಸ್ಟ್ 17ರಿಂದ ಏಜೆಂಟರ ಜೊತೆ ಮನೆ ನೋಡುವ ಮುನ್ನವೇ ಲಿಖಿತ ಒಪ್ಪಂದಕ್ಕೆ ಸಹಿ ಹಾಕಬೇಕು. ಕಮಿಷನ್ ಎಷ್ಟು, ಯಾರು ಕೊಡುತ್ತಾರೆ ಎಂದು ಓದಿ ಹಾಕಿ. ಎಚ್-1ಬಿ ವೀಸಾದವರಿಗೆ 2025ರ ಮೇ 25ರಿಂದ ಎಫ್‌ಎಚ್‌ಎ ಸಾಲ ಇಲ್ಲ, ಕನ್ವೆನ್ಷನಲ್ ಸಾಲವೇ ಗತಿ. ಪೇಟೆಯೊಳಗಿನ ಕಾಂಡೊ ಆದರೆ ಬಾಡಿಗೆಗೆ ಕೊಡಲು ನಿರ್ಬಂಧ ಇದೆಯೇ ನೋಡಿ, ಕೆಲಸ ಹೋಗಿ ಊರು ಬಿಡಬೇಕಾದರೆ ಅದು ಕುತ್ತಿಗೆಗೆ ಬರುತ್ತದೆ. ಭಾರತದಿಂದ ಅಪ್ಪ-ಅಮ್ಮ ಕಳಿಸಿದ ಉಡುಗೊರೆ ವರ್ಷಕ್ಕೆ ಒಂದು ಲಕ್ಷ ಡಾಲರ್ ಮೀರಿದರೆ ಐಆರ್‌ಎಸ್‌ಗೆ 3520 ಫಾರ್ಮು ಕೊಡಬೇಕು. ತೆರಿಗೆ ಇಲ್ಲ, ಕೊಡದಿದ್ದರೆ ದಂಡ ದೊಡ್ಡದು. ಶಿಕಾಗೊ ಕಡೆ ಕೊಳ್ಳುವವರು, ಮಾರುವವರು ಇಬ್ಬರಿಗೂ ವಕೀಲರಿರುವುದು ರೂಢಿ. ಮಿಷಿಗನ್‌ನಲ್ಲಿ ಟೈಟಲ್ ಕಂಪನಿಯೇ ಕೆಲಸ ಮುಗಿಸುತ್ತದೆ, ವಕೀಲರು ಬೇಕೆಂದರೆ ನೀವೇ ಇಟ್ಟುಕೊಳ್ಳಬೇಕು. ನೇಪರ್‌ವಿಲ್‌ನಲ್ಲಿ ನಗರದ ವರ್ಗಾವಣೆ ತೆರಿಗೆ ಕೊಳ್ಳುವವರ ತಲೆಗೇ ಬರುತ್ತದೆ.

ಕ್ಲೋಸಿಂಗ್ ಆದ ವಾರವೇ ಮಿಷಿಗನ್‌ನವರು ಊರಿನ ಅಸೆಸರ್ ಕಚೇರಿಗೆ ಎರಡು ಫಾರ್ಮು ಕೊಡಿ: ಮನೆ ಕೈ ಬದಲಾದದ್ದನ್ನು ತಿಳಿಸುವ ಎಲ್-4260, ಇದಕ್ಕೆ 45 ದಿನದ ಗಡುವು, ಮತ್ತು ವಾಸದ ಮನೆಯ ವಿನಾಯಿತಿಗೆ 2368. ಎರಡನೆಯದು ಜೂನ್ 1ರೊಳಗೆ ತಲುಪಿದರೆ ಬೇಸಿಗೆಯ ಬಿಲ್ಲಿನಲ್ಲೇ ಕಡಿತ ಸಿಗುತ್ತದೆ, ತಪ್ಪಿದರೆ ನವೆಂಬರ್ 1ರೊಳಗೆ ಕೊಟ್ಟು ಚಳಿಗಾಲದ ಬಿಲ್ಲಿಗೆ ಕಾಯಬೇಕು. ಇಲಿನಾಯ್‌ನವರು ಹೋಮ್‌ಓನರ್ ವಿನಾಯಿತಿಯನ್ನು ಕುಕ್ ಕೌಂಟಿಯಾದರೆ ಕೌಂಟಿ ಅಸೆಸರ್ ಬಳಿ, ಡುಪೇಜ್, ವಿಲ್ ಕೌಂಟಿಯಾದರೆ ಟೌನ್‌ಶಿಪ್ ಅಸೆಸರ್ ಬಳಿ ವಿಚಾರಿಸಿ.