ಉತ್ತರ ಬಾರದ ಕರೆ

ಬೆಂಗಳೂರಿನಲ್ಲಿ ಕೂತು ಯುರೋಪಿನ ಗ್ರಾಹಕರ ಟೆಲಿಕಾಂ ಜಾಲದ ಮೇಲೆ ಕಣ್ಣಿಡುವ ತಂತ್ರಾಂಶ ಬರೆಯುವುದು ನನ್ನ ಮೊದಲ ದೊಡ್ಡ ಕೆಲಸ. ಇತ್ತ ಜಾವಾ ಕ್ಲೈಂಟ್, ಅತ್ತ ಸಿ++ ಸರ್ವರ್, ನಡುವೆ, ಬೇರೆ ಬೇರೆ ಭಾಷೆಯ ಪ್ರೋಗ್ರಾಮ್‌ಗಳನ್ನು ಜಾಲದ ಮೂಲಕ ಮಾತಾಡಿಸುವ ಕೋರ್ಬಾ. ಸರ್ವರನ್ನು ಏನೇನು ಕೇಳಬಹುದೆಂದು ಬರೆದಿಡುವ ಐಡಿಎಲ್ ಫೈಲು ಕಂಪೈಲ್ ಮಾಡಿದರೆ ಸ್ಟಬ್ ಸಿದ್ಧ. ಅದರ ಮೂಲಕ ಅಷ್ಟು ದೂರದ ಆಬ್ಜೆಕ್ಟನ್ನು ಪಕ್ಕದಲ್ಲೇ ಇದ್ದಂತೆ ಕರೆಯಬಹುದಿತ್ತು. ಆ ಸಲೀಸೇ ನನ್ನ ಕಣ್ಣು ಕಟ್ಟಿತು.

ನಮ್ಮ ಆಫೀಸಿನೊಳಗೆ ಥಟ್ಟನೆ ತೆರೆಯುತ್ತಿದ್ದ ಪರದೆ, ಗ್ರಾಹಕರ ಸರ್ವರಿಗೆ ಜೋಡಿಸಿದಾಗ ನಾಲ್ಕು ನಿಮಿಷ ತೆಗೆದುಕೊಂಡಿತು. ಐಡಿಎಲ್‌ನ ಆಟ್ರಿಬ್ಯೂಟ್ ನೋಡಲು ವೇರಿಯಬಲ್‌ನಂತಿದ್ದರೂ ಓದಿದಾಗಲೆಲ್ಲ ಕರೆ ಸರ್ವರಿಗೆ ಹೋಗಿ ಬರಬೇಕು. 300 ಉಪಕರಣ, ಒಂದೊಂದಕ್ಕೂ 4 ಆಟ್ರಿಬ್ಯೂಟ್: 1200 ಸಲ, ಪ್ರತಿ ಸಲ ಸುಮಾರು 200 ಮಿಲಿಸೆಕೆಂಡ್. ಎಲ್ಲ ವಿವರವನ್ನೂ ಒಟ್ಟಿಗೆ ತರುವ ಒಂದೇ ಮೆಥಡ್ ಸೇರಿಸಿದ ಮೇಲೆ ಕಾಯುವುದು ತಪ್ಪಿತು.

ಮತ್ತೊಮ್ಮೆ, ಹೆಸರು ಹೇಳಿದರೆ ಆಬ್ಜೆಕ್ಟಿನ ವಿಳಾಸ ಕೊಡುವ ನೇಮಿಂಗ್ ಸರ್ವಿಸ್ ಸಿಕ್ಕರೂ ಆಬ್ಜೆಕ್ಟ್ ಸಿಗಲಿಲ್ಲ. ಅದು ಕೊಟ್ಟ ಐಒಆರ್, ಅಂದರೆ ಆ ವಿಳಾಸವನ್ನು ಬಿಡಿಸಿ ನೋಡಿದರೆ ಒಳಗೆ 127.0.0.1, ಯಾವ ಯಂತ್ರಕ್ಕಾದರೂ ತನ್ನದೇ ವಿಳಾಸ! ಸರ್ವರಿನ ಹೋಸ್ಟ್ಸ್ ಫೈಲಿನ ತಪ್ಪಿನಿಂದ ನಮ್ಮ ಕ್ಲೈಂಟ್ ತನ್ನೊಳಗೇ ಸರ್ವರನ್ನು ಹುಡುಕುತ್ತಿತ್ತು.

ಇವೆರಡನ್ನೂ ಮರೆಯಬಹುದು, ಮೂರನೆಯದನ್ನಲ್ಲ. ಸಂಪರ್ಕ ಕಡಿದರೆ ಮತ್ತೆ ಕರೆಯುವಂತೆ ಕೋಡ್ ಬರೆದವನು ನಾನೇ. ಒಂದು ರಾತ್ರಿ ಆಪರೇಟರೊಬ್ಬರು ಹೊಸ ಸರ್ಕ್ಯೂಟ್ ಕೋರಿದರು. ಸರ್ವರ್ ಕೆಲಸ ಮುಗಿಸಿತ್ತು, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಯಿತು. ನನ್ನ ಕೋಡ್ ಮತ್ತೆ ಕೇಳಿತು. ಬೆಳಗಾದಾಗ ಎರಡು ಸರ್ಕ್ಯೂಟ್‌ಗಳಿದ್ದವು. ಕೋರ್ಬಾ ಎಕ್ಸೆಪ್ಷನ್ ಜೊತೆಗೇ ಒಂದು ಸ್ಥಿತಿಯನ್ನೂ ಹೇಳುತ್ತದೆ: ಕೆಲಸ ಆಗಿದೆ, ಆಗಿಲ್ಲ, ಆಗಿದ್ದರೂ ಆಗಿರಬಹುದು. ಆ ರಾತ್ರಿ ಬಂದದ್ದು 'ಕಂಪ್ಲೀಟೆಡ್ ಮೇಬಿ'. ನಾನು ಅದನ್ನು ಓದುವ ಒಂದು ಸಾಲನ್ನೂ ಬರೆದಿರಲಿಲ್ಲ. 'ಆಗಿಲ್ಲ' ಎಂದಾಗಷ್ಟೇ ಧೈರ್ಯವಾಗಿ ಮರುಕರೆ ಮಾಡಬಹುದು. 'ಮೇಬಿ'ಗಾಗಿ ಐಡಿಎಲ್ಲನ್ನೇ ತಿದ್ದಿದೆವು: ಪ್ರತಿ ಕೋರಿಕೆಗೂ ಕ್ಲೈಂಟ್ ಒಂದು ಸಂಖ್ಯೆ ಕೊಡಬೇಕು, ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಹೊಸದಾಗಿ ಏನೂ ಮಾಡದೆ ಹಿಂದಿನ ಉತ್ತರವನ್ನೇ ಕೊಡಬೇಕು. ದೂರದ ಆಬ್ಜೆಕ್ಟನ್ನು ಹತ್ತಿರದ್ದರಂತೆ ಕಾಣುವುದೇ ತಪ್ಪೆಂದು ಸನ್ ಮೈಕ್ರೋಸಿಸ್ಟಮ್ಸ್‌ನ ಜಿಮ್ ವಾಲ್ಡೊ ಮತ್ತು ಸಂಗಡಿಗರು 1994ರಲ್ಲೇ ಬರೆದಿದ್ದರು. ನಾನು ಓದಿದ್ದು ಇಷ್ಟೆಲ್ಲ ಆದಮೇಲೆ.

2018ರ ಜಾವಾ 11ರಿಂದ ಕೋರ್ಬಾವನ್ನು ತೆಗೆದುಹಾಕಿದರು. ಈಗ ನಮ್ಮ ತಂಡದಲ್ಲಿ ಅದರ ಜಾಗಕ್ಕೆ ಜಿಆರ್‌ಪಿಸಿ. ಅದರಲ್ಲೂ 'ಡೆಡ್‌ಲೈನ್ ಎಕ್ಸೀಡೆಡ್' ಬಂದಾಗ ಆಚೆ ಕೆಲಸ ಮುಗಿದೇ ಇರಬಹುದು. ಹೊಸಬರ ಕೋಡ್ ಕೈಗೆ ಬಂದರೆ ನಾನು ಮೊದಲು ತೆರೆಯುವುದು ಕ್ಯಾಚ್ ಬ್ಲಾಕನ್ನು. ಅಲ್ಲಿ ಮರುಕರೆ ಕಂಡರೆ, ಕೋರಿಕೆಯ ಸಂಖ್ಯೆ ಎಲ್ಲಿದೆ ಎಂದು ಕೇಳುತ್ತೇನೆ.